ಬಿಳಿ ಮಾರುತಿ 800: ಫೋಟೋದಲ್ಲಿ ಮೂಗು ದಪ್ಪ, ಬಾಲ ಸಣ್ಣ. ಎಲ್ಲಿ ನಿಂತು ತೆಗೆಯಬೇಕು?

ಮೈಸೂರುಪಾಕ್98

ಎಲ್ಲರಿಗೂ ನಮಸ್ಕಾರ. ಕಾರಿನ ಫೋಟೋ ವಿಷಯದಲ್ಲಿ ನಾನು ಪೂರ್ತಿ ಹೊಸಬ. ನಮ್ಮನೆಯಲ್ಲಿ 1998ರ ಬಿಳಿ ಮಾರುತಿ 800 ಇದೆ. ಅಪ್ಪ ಕೊಂಡ ಮೊದಲ ಗಾಡಿ. ಇವತ್ತಿಗೂ ಅದನ್ನು ಒರೆಸದೆ ಬೆಳಗಿನ ಕಾಫಿ ಕುಡಿಯುವುದಿಲ್ಲ. ಮುಂದಿನ ತಿಂಗಳು ಅವರ ಷಷ್ಟ್ಯಬ್ದಿ. ಗಾಡಿಯ ಒಂದು ಒಳ್ಳೆ ಫೋಟೋ ತೆಗೆದು, 12 ಇಂಟು 18 ಇಂಚಿಗೆ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಕೊಡೋಣ ಅಂತ ಆಸೆ. ಅವರಿಗೆ ಗೊತ್ತಾಗಬಾರದು.

ಲಲಿತಮಹಲ್ ಎದುರಿನ ರಸ್ತೆಯಲ್ಲಿ ನಿಲ್ಲಿಸಿ, ಅರಮನೆ ಹಿಂದೆ ಬರುವ ಹಾಗೆ ಮಧ್ಯಾಹ್ನ ಹನ್ನೆರಡಕ್ಕೆ ನಲವತ್ತು ಫೋಟೋ ತೆಗೆದೆ. ಒಂದೂ ಕೆಲಸಕ್ಕೆ ಬರುವುದಿಲ್ಲ. ಮುಂಭಾಗ ಜೇನು ಕಚ್ಚಿದ ಹಾಗೆ ಊದಿಕೊಂಡಿದೆ, ಹಿಂದಿನ ಚಕ್ರ ಆಟಿಕೆಯ ಚಕ್ರದಷ್ಟಿದೆ. ಬಿಳಿ ಅರಮನೆ, ಬಿಳಿ ಗಾಡಿ, ಎರಡೂ ಒಂದರಲ್ಲೊಂದು ಕರಗಿಹೋಗಿವೆ. ಪೋರ್ಟ್ರೇಟ್ ಮೋಡ್ ಹಾಕಿದರೆ ಆಂಟೆನಾ ಅರ್ಧಕ್ಕೇ ಮಾಯ. ಇರುವುದು ಫೋನ್ ಮಾತ್ರ. ಯಾವ ಕೋನದಿಂದ ತೆಗೆದರೆ ಸರಿಹೋಗುತ್ತೆ?

ಹಳೇಡೀಸೆಲ್

ಕೋನ ಆಮೇಲೆ. ಗಾಡಿಯಿಂದ ಎಷ್ಟು ದೂರ ನಿಂತಿದ್ದಿರಿ? ಯಾವ ಲೆನ್ಸ್?

ಮೈಸೂರುಪಾಕ್98

ನಾಲ್ಕು ಅಡಿ ಇರಬಹುದು ಸರ್. ಪೂರ್ತಿ ಗಾಡಿ ಹಿಡಿಸಲಿಲ್ಲ ಅಂತ ಫೋನಿನ ಅಗಲ ಲೆನ್ಸ್, 0.6ಕ್ಕೆ ಹಾಕಿಕೊಂಡೆ.

ಹಳೇಡೀಸೆಲ್

ಕಳ್ಳ ಸಿಕ್ಕಿಬಿದ್ದ. ಲೆಕ್ಕ ಸುಲಭ. 800ರ ಉದ್ದ 3335 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ 11 ಅಡಿ. ನೀವು ಹೆಡ್‌ಲೈಟಿನಿಂದ 4 ಅಡಿ ದೂರದಲ್ಲಿದ್ದರೆ ಹಿಂದಿನ ಬಂಪರ್ 15 ಅಡಿ ದೂರದಲ್ಲಿರುತ್ತೆ. ಹೆಚ್ಚು ಕಡಿಮೆ ನಾಲ್ಕು ಪಟ್ಟು. ಹಾಗಾಗಿ ಹಿಂಭಾಗ ನಾಲ್ಕನೇ ಒಂದರಷ್ಟು ಕಾಣುತ್ತೆ. ಅದೇ 20 ಅಡಿ ಹಿಂದೆ ಸರಿದರೆ 20ಕ್ಕೆ 31, ಬರೀ ಒಂದೂವರೆ ಪಟ್ಟು. ಗಾಡಿ ಗಾಡಿಯ ಹಾಗೆ ಕಾಣುತ್ತೆ.

ತುಂಬಾ ಜನ ಲೆನ್ಸನ್ನು ಬೈಯುತ್ತಾರೆ. ಲೆನ್ಸಿನ ತಪ್ಪಲ್ಲ. ಅಗಲ ಲೆನ್ಸ್ ನಿಮ್ಮನ್ನು ಗಾಡಿ ಹತ್ತಿರಕ್ಕೆ ಕರೆಯುತ್ತೆ, ಮೂಗು ಊದುವುದು ಆ ಹತ್ತಿರಕ್ಕೆ. 20 ಅಡಿ ದೂರ ಹೋಗಿ, 2ಎಕ್ಸ್ ಜೂಮ್ ಹಾಕಿ. ಫೋನಿನಲ್ಲಿ 3ಎಕ್ಸ್ ಲೆನ್ಸ್ ಇದ್ದರೆ ಇನ್ನೂ ಹತ್ತು ಅಡಿ ಹಿಂದಕ್ಕೆ ಹೋಗಿ. ಒಂದು ಎಚ್ಚರ: ಬೆಳಕು ಕಮ್ಮಿ ಇದ್ದಾಗ ಕೆಲವು ಫೋನು ಸದ್ದಿಲ್ಲದೆ ಮುಖ್ಯ ಲೆನ್ಸನ್ನೇ ಬಳಸಿ, ಅದನ್ನೇ ಹಿಗ್ಗಿಸಿ ತೋರಿಸುತ್ತೆ. 3ಎಕ್ಸ್ ಲೆನ್ಸಿಗೆ ಬೆರಳು ಮುಚ್ಚಿ ನೋಡಿ. ಚಿತ್ರ ಹಾಗೇ ಇದ್ದರೆ ಮೋಸ ನಡೀತಿದೆ ಅಂತ.

ನಿಲ್ಲುವ ಜಾಗ: ಮುಂದಿನ ಮೂಲೆ, ಗಾಡಿಯ ಮುಖವೂ ಒಂದು ಪಕ್ಕವೂ ಕಾಣುವ ಕಡೆ. ಪಕ್ಕ ಜಾಸ್ತಿ ಕಾಣಲಿ, ಮುಖ ಕಮ್ಮಿ. ಎರಡೂ ಸಮ ಬಂದರೆ ಚಿಕ್ಕ ಗಾಡಿ ಡಬ್ಬಿಯ ಹಾಗೆ ಕಾಣುತ್ತೆ. ಪೋರ್ಟ್ರೇಟ್ ಮೋಡ್ ಬೇಡವೇ ಬೇಡ.

ಟಾಪ್‌ಗೇರ್‌ಮಗ

ಗುರು, ನೆಲಕ್ಕೆ ಮಲಗಿ ತೆಗೀರಿ. ಗಾಡಿ ಸಿಂಹದ ಹಾಗೆ ಬರುತ್ತೆ!

ಹಳೇಡೀಸೆಲ್

ದೊಡ್ಡ ಚಕ್ರದ ಎಸ್‌ಯುವಿಗೆ ಸರಿ. 800ಕ್ಕೆ ಇರುವುದು 12 ಇಂಚಿನ ರಿಮ್. ನೆಲದಿಂದ ತೆಗೆದರೆ ಸಣ್ಣ ಚಕ್ರ, ದೊಡ್ಡ ಹೊಟ್ಟೆ, ಕೆಳಗೆ ಸೈಲೆನ್ಸರ್ ಪೈಪು. ಸಿಂಹ ಅಲ್ಲ, ಕುರ್ಚಿ ಮೇಲೆ ಕೂತ ಬೆಕ್ಕು. ಹೆಡ್‌ಲೈಟ್‌ನಷ್ಟು ಎತ್ತರ ಸಾಕು, ಎರಡೂವರೆ ಅಡಿ ಅಂದುಕೊಳ್ಳಿ. ಒಂದು ಸ್ಟೂಲ್ ಒಯ್ದು ಅದರ ಮೇಲೆ ಫೋನ್ ಇಟ್ಟು, 3 ಸೆಕೆಂಡ್ ಟೈಮರ್ ಹಾಕಿ.

ಮೈಸೂರುಪಾಕ್98

ಭಾನುವಾರ ಸಂಜೆ ಪ್ರಯತ್ನ ಮಾಡಿದೆ. ಮೂಗು ಸರಿಹೋಯ್ತು, ಥ್ಯಾಂಕ್ಸ್! ಆದರೆ ಹೊಸ ತಲೆನೋವು ಶುರುವಾಗಿದೆ. ಸ್ಟೂಲ್ ಎತ್ತರದಿಂದ ತೆಗೆದದ್ದರಲ್ಲಿ ಗಾಡಿಯ ಟಾಪೇ ಇಲ್ಲ. ಮೋಡ ಮುಚ್ಚಿತ್ತು, ಬಿಳಿ ಟಾಪು ಬಿಳಿ ಆಕಾಶದಲ್ಲಿ ಸೇರಿಕೊಂಡಿದೆ. ಜೊತೆಗೆ ಟಾಪಿನ ನಡುವಿನಿಂದ ಕರೆಂಟ್ ಕಂಬ ಎದ್ದ ಹಾಗಿದೆ. ನಿಂತು ತೆಗೆದಾಗ ಈ ತೊಂದರೆ ಇರಲಿಲ್ಲ.

ಇನ್ನೊಂದು ಮಾತು. ಎಡಗಡೆ ಬಾಗಿಲಿನಲ್ಲಿ ಒಂದು ಡೆಂಟ್ ಇದೆ, ಗೇಟಿಗೆ ತಗುಲಿದ್ದು. ಬಲಗಡೆ ಮೂಲೆಯಿಂದಲೇ ತೆಗೆದರೆ ನಡೆಯುತ್ತೆ ಅಲ್ವಾ?

ಮೂರುಕಾಲು

ನಡೆಯುತ್ತೆ. ಎಲ್ಲ ಗಾಡಿಗೂ ಒಂದು ಒಳ್ಳೆ ಕಡೆ ಇರುತ್ತೆ, ಮನುಷ್ಯರಿಗೆ ಇರುವ ಹಾಗೆ.

ಟಾಪಿನ ವಿಷಯ ಹೇಳ್ತೀನಿ. ಬಯಲಿನಲ್ಲಿ ನಿಂತರೆ, ದೂರದಲ್ಲಿ ನೆಲ ಮತ್ತು ಆಕಾಶ ಸೇರುವ ಗೆರೆ ಯಾವಾಗಲೂ ನಿಮ್ಮ ಕ್ಯಾಮೆರಾದ ಎತ್ತರದಲ್ಲೇ ಇರುತ್ತೆ. 800ರ ಎತ್ತರ 1405 ಮಿಲಿಮೀಟರ್, ನಾಲ್ಕೂವರೆ ಅಡಿ ಚಿಲ್ಲರೆ. ನೀವು ನಿಂತು ಐದಡಿಯಿಂದ ತೆಗೆದಾಗ ಆ ಗೆರೆ ಟಾಪಿನ ಮೇಲೆ ಹೋಗಿತ್ತು, ಟಾಪಿನ ಹಿಂದೆ ರಸ್ತೆ, ಗಿಡ ಎಲ್ಲ ಇತ್ತು. ಎರಡೂವರೆ ಅಡಿಗೆ ಇಳಿದಾಗ ಗೆರೆ ಬಾನೆಟ್ ಹತ್ತಿರಕ್ಕೆ ಇಳಿಯಿತು. ಅದರ ಮೇಲಿನದೆಲ್ಲ ಆಕಾಶದ ಎದುರಿಗೆ ನಿಂತಿತು. ಹಳೇಡೀಸೆಲ್ ಹೇಳಿದ ಎತ್ತರ ತಪ್ಪಲ್ಲ. ಕಪ್ಪು ಗಾಡಿಯಾಗಿದ್ದರೆ ಇದೇ ಫೋಟೋ ಚೆನ್ನಾಗಿ ಬರುತ್ತಿತ್ತು.

ಬಿಳಿ ಗಾಡಿಗೆ ಹಿಂದೆ ಕಪ್ಪು ಬೇಕು. ಮಾವಿನ ತೋಪು, ಪಾಚಿ ಹಿಡಿದ ಹಳೇ ಕಲ್ಲಿನ ಕಾಂಪೌಂಡು, ಏನಾದರೂ ಸರಿ, ಟಾಪಿಗಿಂತ ಎತ್ತರ ಇರಲಿ. ಗಾಡಿಯನ್ನು ಅದಕ್ಕೆ ಅಂಟಿಸಿ ನಿಲ್ಲಿಸಬೇಡಿ, ಹದಿನೈದು ಇಪ್ಪತ್ತು ಅಡಿ ಮುಂದೆ ನಿಲ್ಲಿಸಿ. ಕಂಬ ಬಂದರೆ ಗಾಡಿ ಸರಿಸುವುದು ಬೇಡ, ನೀವು ಎರಡು ಹೆಜ್ಜೆ ಪಕ್ಕಕ್ಕೆ ಹೋದರೆ ಸಾಕು, ಕಂಬವೂ ಜರುಗುತ್ತೆ.

ಕಪ್ಪು ಹಿನ್ನೆಲೆಯಲ್ಲಿ ಫೋನ್ ಮಾಡುವ ಒಂದು ಕಿತಾಪತಿ ಇದೆ. ಕತ್ತಲು ಜಾಸ್ತಿ ಅಂದುಕೊಂಡು ಬೆಳಕು ಏರಿಸುತ್ತೆ, ಬಾನೆಟ್ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತೆ, ಅದರ ಮೇಲಿನ ಗೆರೆಗಳೆಲ್ಲ ಹೋಗುತ್ತವೆ. ಬಾನೆಟ್ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಚಿಹ್ನೆಯನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ಪರದೆ ಮೇಲೆ ಗಾಡಿ ಕೊಂಚ ಮಸುಕು ಅನ್ನಿಸಿದರೂ ಪರವಾಗಿಲ್ಲ, ಆಮೇಲೆ ಏರಿಸಬಹುದು. ಒಮ್ಮೆ ಸುಣ್ಣವಾದದ್ದು ವಾಪಸ್ ಬರುವುದಿಲ್ಲ.

ಮಧ್ಯಾಹ್ನ ಹನ್ನೆರಡಂತೂ ಬೇಡ. ಸೂರ್ಯ ಹುಟ್ಟುವ ಮುಂಚಿನ ಹದಿನೈದು ನಿಮಿಷ ಬಿಳಿ ಗಾಡಿಗೆ ಬಂಗಾರ.

ಹಳೇಡೀಸೆಲ್

ಮೂರುಕಾಲು ಹೇಳಿದ್ದು ಸರಿ. ಬಣ್ಣ ಕೇಳದೆ ಎತ್ತರ ಹೇಳಿಬಿಟ್ಟೆ, ನನ್ನದೇ ತಪ್ಪು.

ಚಕ್ರದ ಬಗ್ಗೆ ಯಾರೂ ಹೇಳಲಿಲ್ಲ. ನೀವು ಗಾಡಿಯ ಬಲಮೂಲೆಯಲ್ಲಿ ನಿಂತರೆ ಸ್ಟೀರಿಂಗ್ ಎಡಕ್ಕೆ ತಿರುಗಿರಲಿ. ಆಗ ವೀಲ್ ಕ್ಯಾಪ್ ನಿಮ್ಮ ಕಡೆ ನೋಡುತ್ತೆ. ಬಲಕ್ಕೆ ತಿರುಗಿಸಿದರೆ ಬರೀ ಟೈರಿನ ಬಟನ್ ಕಾಣುತ್ತೆ. ಪೂರ್ತಿ ತಿರುಗಿಸಬೇಡಿ, ಸ್ವಲ್ಪ ಸಾಕು. ನಿಂತ ಗಾಡಿಯಲ್ಲಿ ಒತ್ತಾಯ ಮಾಡಬೇಡಿ, ಮೆಲ್ಲಗೆ ಉರುಳಿಸುತ್ತಾ ತಿರುಗಿಸಿ. 25 ವರ್ಷ ದಾಟಿದ ಗಾಡಿ ಪಾಪ.

ಮೈಸೂರುಪಾಕ್98

ಮುಂದಿನ ಗಾಜಿನಲ್ಲಿ ಆಕಾಶ ಹೊಳೆಯುತ್ತೆ. ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಕಾಣಲೇಬೇಕು, ಗಾಡಿ ಬಂದ ದಿನದಿಂದ ಅಲ್ಲೇ ಇದ್ದಾನೆ.

ಮೂರುಕಾಲು

ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಯಾರ ಹತ್ತಿರವಾದರೂ ಇದೆಯಾ? ಅದರ ಒಂದು ಗಾಜನ್ನು ಲೆನ್ಸಿಗೆ ಅಡ್ಡ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕಡೆ ಬಂದಾಗ ಹೊಳಪು ಇಳಿದು ಗಣಪತಿ ಕಾಣುತ್ತಾನೆ. ಗಾಜಿಗೂ ಪೇಂಟಿಗೂ ಈ ಉಪಾಯ ನಡೆಯುತ್ತೆ, ಕ್ರೋಮಿಗೆ ನಡೆಯುವುದಿಲ್ಲ. ಪಕ್ಕದ ಕಿಟಕಿ ಗಾಜಿನಲ್ಲಿ ಚುಕ್ಕೆ ಚುಕ್ಕೆ, ಕಾಮನಬಿಲ್ಲಿನ ಬಣ್ಣ ಕಂಡರೆ ಗಾಬರಿ ಬೇಡ. ಟೆಂಪರ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಹಾಗೇ ಕಾಣುತ್ತೆ. ಅದು ಜಾಸ್ತಿಯಾದರೆ ಸ್ವಲ್ಪ ಹಿಂದಕ್ಕೆ ತಿರುಗಿಸಿ. ಗ್ಲಾಸಿನ ಕಂದು ಬಣ್ಣ ಫೋಟೋಗೆ ಹತ್ತಿದರೆ ಆಮೇಲೆ ಎಡಿಟ್‌ನಲ್ಲಿ ತೆಗೆಯಬಹುದು.

ಮೈಸೂರುಪಾಕ್98

ಕೆಲಸ ಆಯ್ತು! ಚಕ್ರಕ್ಕೆ ಗಾಳಿ ಹಿಡಿಸಿಕೊಂಡು ಬರ್ತೀನಿ ಅಂತ ಸುಳ್ಳು ಹೇಳಿ ಬೆಳಿಗ್ಗೆ ಐದೂವರೆಗೆ ಗಾಡಿ ತೆಗೆದೆ. ಅಷ್ಟು ಹೊತ್ತಿಗೆ ಯಾವ ಅಂಗಡಿ ತೆಗೆದಿರುತ್ತೋ ಅಂತ ಅಮ್ಮ ಮುಖ ನೋಡಿದರು. ಊರಾಚೆ ಮಾವಿನ ತೋಪು, ಬಲಮೂಲೆ, 20 ಅಡಿ ದೂರ, 2ಎಕ್ಸ್, ಸ್ಟೂಲ್, ಸ್ಟೀರಿಂಗ್ ಎಡಕ್ಕೆ. ಕೂಲಿಂಗ್ ಗ್ಲಾಸ್ ತಮ್ಮನದು. ಗಣಪತಿ ಕಾಣುತ್ತಾನೆ. ಹನ್ನೊಂದು ಫೋಟೋ ತೆಗೆದೆ, ಮೂರು ಚೆನ್ನಾಗಿವೆ. ಇವತ್ತೇ ಪ್ರಿಂಟಿಗೆ ಕೊಟ್ಟೆ.

ಟಾಪ್‌ಗೇರ್‌ಮಗ

ಮಲಗಿ ಒಂದಾದರೂ ತೆಗೆದ್ರಾ?

ಮೈಸೂರುಪಾಕ್98

ತೆಗೆದೆ ಗುರು. ಬೆಕ್ಕೇ ಬಂತು.

ಮೈಸೂರುಪಾಕ್98

ನಿನ್ನೆ ಶಾಂತಿ, ಹೋಮ, ಊಟ ಎಲ್ಲ ಮುಗಿದ ಮೇಲೆ ಅಪ್ಪನಿಗೆ ಫ್ರೇಮ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ನೆಂಟರೆಲ್ಲರ ಮುಂದೆ ಕೇಳಿದ್ದು ಒಂದೇ ಮಾತು: "ಬಲಗಡೆಯಿಂದ ತೆಗೆದಿದ್ದೀಯ. ಎಡಗಡೆ ಬಾಗಿಲಿನ ಡೆಂಟ್ ಮಾಡಿದವನು ನೀನೇ ಅಲ್ವೇನೋ?"