ಕಟಪಾಡಿ ಮನೆಯ ಚಿಗಟದ ಬಗ್ಗೆ

ದೊಡ್ಡಮ್ಮ, ನಿಮ್ಮ ವಾಯ್ಸ್ ಮೆಸೇಜ್ ಈಗ ಪೂರ್ತಿ ಕೇಳಿದೆ. ಒಂದೂವರೆ ತಿಂಗಳು ಮುಂಬೈಯಲ್ಲಿ ಇದ್ದು ಬಂದು ಬಾಗಿಲು ತೆಗೆದದ್ದೇ ತಡ ಕಾಲಿಗೆ ಕಪ್ಪು ಕಪ್ಪು ಹಾರಿ ಹತ್ತಿದ್ದು, ಸೊಳ್ಳೆಯ ಸ್ಪ್ರೇ ಹೊಡೆದರೂ ಮರುದಿನ ಪುನಃ ಅಷ್ಟೇ ಇರುವುದು, ನಾಯಿ ಇಡೀ ದಿನ ಸೊಂಟ ಕಚ್ಚಿಕೊಳ್ಳುವುದು, ಜಗಲಿಯಲ್ಲಿ ಬೆಕ್ಕಿನ ಎರಡು ಸಣ್ಣ ಮರಿ ಇರುವುದು, ಎಲ್ಲ ಗೊತ್ತಾಯಿತು. ಗ್ರೂಪಿನಲ್ಲಿ ಅದರ ಕೆಳಗೆ ಚಿಕ್ಕಮ್ಮ ಕರ್ಪೂರ ಹಾಕಿದ ತೆಂಗಿನೆಣ್ಣೆ ಹಚ್ಚಲು ಹೇಳಿದ್ದಾರೆ, ಭಾವ ಸೀಮೆಎಣ್ಣೆ ಹೇಳಿದ್ದಾರೆ. ದಯವಿಟ್ಟು ಎರಡೂ ಬೇಡ. ಯಾಕೆ ಅಂತ ಹೇಳ್ತೇನೆ. ಸ್ವಲ್ಪ ಉದ್ದ ಆಗ್ತದೆ, ಕೆಲಸ ಮಾಡಿಕೊಂಡೇ ಕೇಳಿ.

ಮೊದಲು ಅದು ಚಿಗಟವೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಯಾಕೆಂದರೆ ನಮ್ಮಲ್ಲಿ ಉಣ್ಣಿಗೂ ಚಿಗಟಕ್ಕೂ ಒಂದೇ ಮದ್ದು ಅಂತ ತಂದು ಸುರಿಯುವುದುಂಟು. ಉಣ್ಣಿ ತಲೆಯನ್ನು ಚರ್ಮದೊಳಗೆ ಹೂತು ಒಂದೇ ಕಡೆ ಕಚ್ಚಿ ಕೂತಿರ್ತದೆ. ಚಿಗಟ 2-3 ಮಿಲಿಮೀಟರ್ ಅಷ್ಟೆ, ಕಂದು ಬಣ್ಣ, ಎರಡೂ ಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ, ಕೂದಲಿನ ಮಧ್ಯೆ ಸರ್ರನೆ ನುಸುಳಿ ಹೋಗ್ತದೆ. ನಾಯಿಯ ಬಾಲದ ಬುಡದಲ್ಲಿ ಕೂದಲು ಬಿಡಿಸಿ ನೋಡಿ. ಚಿಗಟ ಕಣ್ಣಿಗೆ ಬೀಳದಿದ್ದರೂ ಕಪ್ಪು ಪುಡಿ ಸಿಗ್ತದೆ. ಹಳೆಯ ಬಿಳಿ ಪಂಚೆಯ ತುಂಡು ಒದ್ದೆ ಮಾಡಿ ಆ ಪುಡಿಯನ್ನು ಅದರ ಮೇಲೆ ಉದುರಿಸಿ ಒತ್ತಿ. ಸುತ್ತ ಕೆಂಪು ಬಣ್ಣ ಬಿಟ್ಟಿತು ಅಂತಾದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಬಣ್ಣ ಬಿಡಲಿಲ್ಲ ಅಂದರೆ ಬರೀ ಮಣ್ಣು.

ಈಗ ಮುಖ್ಯ ವಿಷಯ. ನಿಮ್ಮ ಕಾಲಿಗೆ ಹತ್ತಿದ್ದು, ನಾಯಿಯ ಮೈಮೇಲೆ ಓಡುವುದು, ಇದೆಲ್ಲ ಸೇರಿದರೂ ಮನೆಯಲ್ಲಿರುವ ಒಟ್ಟು ಚಿಗಟದ ಸುಮಾರು 5 ಶೇಕಡಾ ಅಷ್ಟೆ. ಉಳಿದದ್ದು ಮೊಟ್ಟೆ, ಹುಳು, ಗೂಡು ಆಗಿ ನೆಲದಲ್ಲಿ ಉಂಟು. ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡ್ತದೆ. ಆ ಮೊಟ್ಟೆ ಕೂದಲಿಗೆ ಅಂಟಿಕೊಳ್ಳುವುದಿಲ್ಲ. ಪ್ರಾಣಿ ಎಲ್ಲಿ ಮಲಗ್ತದೋ ಎಲ್ಲಿ ಮೈ ಕೊಡವ್ತದೋ ಅಲ್ಲೆಲ್ಲ ಉದುರ್ತದೆ. ಹುಳು ಬೆಳಕಿಗೆ ಹೆದರಿ ಸಂದಿಗೆ ಹೋಗಿ, ಮೇಲಿಂದ ಬಿದ್ದ ಆ ಹಿಕ್ಕೆಯನ್ನೇ ತಿಂದು ಬೆಳೆದು, ರೇಷ್ಮೆಯ ಹಾಗಿನ ನೂಲು ಸುತ್ತಿ ಗೂಡು ಕಟ್ತದೆ. ಆ ಗೂಡಿನೊಳಗೆ ಇರುವಾಗ ಯಾವ ಸ್ಪ್ರೇಯೂ ಅದಕ್ಕೆ ತಾಗುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೊರಗೆ ಬರದೆ ತಿಂಗಳುಗಟ್ಟಲೆ ಕಾಯ್ತದೆ. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು, ಇಷ್ಟು ಸಿಕ್ಕಿದರೆ ಆಯಿತು, ಎಲ್ಲ ಒಟ್ಟಿಗೆ ಹೊರಗೆ ಹಾರ್ತದೆ. ಬಾಗಿಲು ತೆಗೆದ ದಿನ ಆದದ್ದು ಅದೇ. ಸ್ಪ್ರೇ ಹೊಡೆದರೂ ಮರುದಿನ ಅಷ್ಟೇ ಕಂಡದ್ದಕ್ಕೆ ಕಾರಣವೂ ಅದೇ. ಹೊರಗಿದ್ದದ್ದು ಸತ್ತಿದೆ, ಗೂಡಿನಿಂದ ಬೇರೆ ಬಂದಿದೆ.

ಆದ್ದರಿಂದ ಎರಡು ಕಡೆಯ ಕೆಲಸ ಒಂದೇ ದಿನ ಶುರು ಆಗ್ಬೇಕು, ಪ್ರಾಣಿಯದ್ದೂ ನೆಲದ್ದೂ. ನಾಯಿಗೆ ಮಾತ್ರ ಮಾಡಿ ಬೆಕ್ಕನ್ನು ಬಿಟ್ಟರೆ ಏನೂ ಪ್ರಯೋಜನ ಇಲ್ಲ. ಬೆಕ್ಕಿನ ಮೈಯಿಂದ ಮೊಟ್ಟೆ ಉದುರ್ತಾ ಇರ್ತದೆ.

ನಾಯಿಗೆ ಎರಡು ದಾರಿ ಉಂಟು. ಒಂದು ಬೆನ್ನಿಗೆ ಬಿಡುವ ಹನಿ ಮದ್ದು. ಫಿಪ್ರೊನಿಲ್ ಇರುವುದು, ಅದರ ಜೊತೆ ಎಸ್-ಮೆಥೊಪ್ರೀನ್ ಸೇರಿದ್ದು ಸಿಕ್ಕಿದರೆ ಇನ್ನೂ ಒಳ್ಳೇದು, ಅದು ಮೊಟ್ಟೆಯನ್ನೂ ಕೆಡಿಸ್ತದೆ. ಪೈಪೆಟ್, ಅಂದರೆ ಮದ್ದು ತುಂಬಿದ ಸಣ್ಣ ಪ್ಲಾಸ್ಟಿಕ್ ನಳಿಗೆ, ನಾಯಿಯ ತೂಕದ ಲೆಕ್ಕದಲ್ಲಿ ಬರ್ತದೆ, 10 ಕಿಲೋ ಒಳಗಿನ ನಾಯಿಗೆ 0.67 ಮಿಲಿ, 10ರಿಂದ 20 ಕಿಲೋಗೆ 1.34, 20ರಿಂದ 40ಕ್ಕೆ 2.68. ಎರಡು ಭುಜದ ಮಧ್ಯೆ ಕೂದಲು ಬಿಡಿಸಿ, ಬಿಳಿ ಚರ್ಮ ಕಂಡ ಮೇಲೆ ಪೈಪೆಟ್‌ನ ತುದಿಯನ್ನು ಚರ್ಮಕ್ಕೇ ತಾಗಿಸಿ ಒತ್ತಿ. ಕೂದಲ ಮೇಲೆ ಬಿಟ್ಟರೆ ಮದ್ದು ಕೂದಲಿನಲ್ಲೇ ಒಣಗಿ ದುಡ್ಡು ದಂಡ. ಇನ್ನೊಂದು ತಪ್ಪು ಎಲ್ಲರೂ ಮಾಡುವುದು, ಮದ್ದು ಹಾಕುವ ಮೊದಲು ಶಾಂಪೂ ಹಾಕಿ ಚೆನ್ನಾಗಿ ಮೀಯಿಸುವುದು. ಈ ಮದ್ದು ಮೈಯಿಡೀ ಹರಡುವುದು ಚರ್ಮದ ಎಣ್ಣೆಯ ಮೂಲಕ, ಶಾಂಪೂ ಆ ಎಣ್ಣೆಯನ್ನೇ ತೊಳೆದು ಬಿಡ್ತದೆ. ಮೀಯಿಸುವುದಾದರೆ ಎರಡು ದಿನ ಮೊದಲೇ ಮೀಯಿಸಿ, ಹಾಕಿದ ಮೇಲೆ ಎರಡು ದಿನ ಮಳೆಯಲ್ಲಿ ನೆನೆಯದ ಹಾಗೆ ನೋಡಿಕೊಳ್ಳಿ. ಈ ಆಟಿ ಮಳೆಯಲ್ಲಿ ಅಂಗಳದಲ್ಲಿ ಕಟ್ಟುವ ನಾಯಿಗೆ ಅದು ಸುಲಭ ಅಲ್ಲ. ಹಾಗಾಗಿ ನಿಮ್ಮ ನಾಯಿಗೆ ಎರಡನೇ ದಾರಿಯೇ ಸರಿ ಅಂತ ನನಗೆ ಅನಿಸ್ತದೆ, ಬಾಯಿಯಲ್ಲಿ ಕೊಡುವ ಮಾತ್ರೆ. ಅಫಾಕ್ಸೊಲೇನರ್ ಇರುವುದು ಒಂದು ತಿಂಗಳಿಗೆ, ಫ್ಲುರಲೇನರ್ ಇರುವುದು 12 ವಾರಕ್ಕೆ ಬರ್ತದೆ. ಮಳೆಗೆ ತೊಳೆದು ಹೋಗುವ ಪ್ರಶ್ನೆಯೇ ಇಲ್ಲ, ಉಣ್ಣಿಗೂ ಆಗ್ತದೆ. ನಾಯಿಗೆ ಯಾವತ್ತಾದರೂ ಫಿಟ್ಸ್ ಬಂದದ್ದುಂಟಾದರೆ ಮಾತ್ರ ಅದನ್ನು ವೈದ್ಯರಿಗೆ ಮೊದಲೇ ಹೇಳ್ಬೇಕು, ಅಂಥ ನಾಯಿಗೆ ಈ ಮಾತ್ರೆ ಸುಮ್ಮನೆ ಕೊಡ್ಲಿಕ್ಕಿಲ್ಲ.

ಬೆಕ್ಕಿನ ವಿಷಯ ಬಹಳ ಜಾಗ್ರತೆ. ನಾಯಿಗೆ ತಂದ ಮದ್ದಿನಲ್ಲಿ ಸ್ವಲ್ಪ ಬೆಕ್ಕಿಗೂ ಹಾಕುವ ಅಂತ ಮಾಡಲೇಬೇಡಿ. ನಾಯಿಯ ಕೆಲವು ಹನಿ ಮದ್ದು, ಪೌಡರಿನಲ್ಲಿ ಪರ್ಮೆಥ್ರಿನ್ ಇರ್ತದೆ. ಬೆಕ್ಕಿನ ಲಿವರಿಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ಕೈಕಾಲು ನಡುಗಿ, ಸೆಟೆದು, ಫಿಟ್ಸ್ ಬಂದು ಸಾಯ್ತದೆ. ಹಟ್ಟಿಯ ದನಕ್ಕೆ ಉಣ್ಣಿಗೆ ಅಂತ ತಂದಿಟ್ಟ ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಬಾಟಲಿ ಇರ್ತದಲ್ಲ, ಅದನ್ನೂ ಬೆಕ್ಕಿನ ಹತ್ತಿರ ತರ್ಬೇಡಿ. ಅಕಸ್ಮಾತ್ ಯಾರಾದರೂ ಹಾಕಿಬಿಟ್ಟರೆ ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು ಹಾಕಿ ಉಗುರು ಬೆಚ್ಚಗಿನ ನೀರಿನಲ್ಲಿ ಕೂಡಲೇ ತೊಳೆದು, ಒರಸಿ, ಬಟ್ಟೆಯಲ್ಲಿ ಸುತ್ತಿ ಆಸ್ಪತ್ರೆಗೆ ಓಡಿ. ಚಿಕ್ಕಮ್ಮ, ಕರ್ಪೂರವೂ ಇದೇ ಸಾಲಿಗೆ. ಬೆಕ್ಕು ಮೈ ನೆಕ್ಕಿಯೇ ಶುಚಿ ಮಾಡಿಕೊಳ್ಳುವುದು, ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗ್ತದೆ. ಭಾವ, ಸೀಮೆಎಣ್ಣೆ ಚರ್ಮ ಸುಡ್ತದೆ, ನೆಕ್ಕುವಾಗ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗ್ತದೆ. ಕಹಿಬೇವಿನ ಸೊಪ್ಪಿನ ನೀರಿನಲ್ಲಿ ನಾಯಿಯನ್ನು ಮೀಯಿಸಿದರೆ ತೊಂದರೆ ಇಲ್ಲ, ಆದರೆ ಅದರಿಂದ ಚಿಗಟ ಹೋಗ್ತದೆ ಅಂತ ಇಲ್ಲ.

ಬೆಕ್ಕಿಗೆ ಅಂತಲೇ ಬರುವ ಫಿಪ್ರೊನಿಲ್ ಪೈಪೆಟ್ 0.5 ಮಿಲಿಯದ್ದು, ಅದೇ ತನ್ನಿ. ತಲೆಯ ಹಿಂದೆ ಕುತ್ತಿಗೆಯ ಬುಡದಲ್ಲಿ, ನಾಲಿಗೆ ಎಟುಕದ ಜಾಗದಲ್ಲಿ ಬಿಡಿ. ನಿಮ್ಮದು ಹಾಲೂಡುವ ಬೆಕ್ಕಾದ್ದರಿಂದ ಸರಕಾರಿ ಪಶು ಆಸ್ಪತ್ರೆಯಲ್ಲಾಗಲಿ ಪೆಟ್ ಕ್ಲಿನಿಕ್‌ನಲ್ಲಾಗಲಿ ಒಮ್ಮೆ ಕೇಳಿಯೇ ಹಾಕಿ. ಮತ್ತೆ, ಪಕ್ಕದ ಮನೆಯ ಮಕ್ಕಳು ಸಾಕಿದ ಮೊಲಕ್ಕೆ ಫಿಪ್ರೊನಿಲ್ ವಿಷ, ಅವರಿಗೂ ಹೇಳಿ.

ಮರಿಗಳಿಗೆ 8 ವಾರ ಆಗದೆ ಹನಿ ಮದ್ದು ಇಲ್ಲ. ಅದಕ್ಕೆ ಹಣಿಗೆಯೇ ಮದ್ದು. ಅಂಗಡಿಯಲ್ಲಿ ಚಿಗಟದ ಹಣಿಗೆ ಅಂತ ಹಲ್ಲು ತೀರಾ ಒತ್ತೊತ್ತಾಗಿ ಇರುವ ಲೋಹದ್ದು ಸಿಗ್ತದೆ, ಅದು ಇಲ್ಲದಿದ್ದರೆ ನಮ್ಮ ಹೇನಿನ ಹಣಿಗೆಯೂ ಆಗ್ತದೆ. ಪಕ್ಕದಲ್ಲಿ ಒಂದು ತಟ್ಟೆ ಸೋಪು ನೀರು ಇಟ್ಟುಕೊಂಡು, ಕುತ್ತಿಗೆಯಿಂದ ಬಾಲದ ಕಡೆಗೆ ಬಾಚಿ, ಪ್ರತಿ ಸಲ ಹಣಿಗೆಯನ್ನು ನೀರಿಗೆ ಅದ್ದಿ. ಬರೀ ನೀರಾದರೆ ಚಿಗಟ ಮೇಲೆ ತೇಲಿ ಹಾರಿ ಹೋಗ್ತದೆ, ಸೋಪು ಇದ್ದರೆ ಮುಳುಗ್ತದೆ. ಉಗುರಿನಲ್ಲಿ ಚಿವುಟಿ ಕೊಲ್ಲಲು ನೋಡ್ಬೇಡಿ, ಗಟ್ಟಿ ಇರ್ತದೆ, ಜಾರ್ತದೆ. ದಿನಕ್ಕೆ ಎರಡು ಸಲ ಬಾಚಿ. ಮೀಯಿಸಲೇಬೇಕಾದರೆ ಮೊದಲು ಕುತ್ತಿಗೆಯ ಸುತ್ತ ಒಂದು ಸುತ್ತು ಸೋಪು ನೊರೆ ಹಾಕಿ, ಇಲ್ಲದಿದ್ದರೆ ಮೈಮೇಲಿದ್ದದ್ದೆಲ್ಲ ಓಡಿ ಮುಖಕ್ಕೆ, ಕಿವಿಗೆ ಹೋಗ್ತದೆ. ಆಮೇಲೆ ಪೂರ್ತಿ ಒಣಗಿಸಿ, ಸಣ್ಣ ಮರಿಗೆ ಈ ಮಳೆಯಲ್ಲಿ ಶೀತ ಬೇಗ ಹಿಡೀತದೆ. ಒಂದು ಮಾತು ಮುಖ್ಯ, ಮರಿಯ ತುಟಿ ಎತ್ತಿ ವಸಡು ನೋಡಿ. ಗುಲಾಬಿ ಇರ್ಬೇಕು. ಬಿಳಿಚಿದ್ದರೆ, ಮರಿ ಎದ್ದು ಹಾಲು ಕುಡಿಯದಿದ್ದರೆ, ಅಷ್ಟು ರಕ್ತ ಹೋಗಿದೆ ಅಂತ ಅರ್ಥ. ಆಗ ನಾಳೆ ನೋಡುವ ಅಂತ ಮಾಡ್ಬೇಡಿ, ಅದೇ ದಿನ ಕೊಂಡುಹೋಗಿ.

ಇನ್ನು ನೆಲ. ಇದು ಬೆವರಿಳಿಸುವ ಕೆಲಸ. ವ್ಯಾಕ್ಯೂಮ್ ಇದ್ದರೆ ಅದೇ ಒಳ್ಳೇದು, ಅದರ ಅದುರಿಗೆ ಗೂಡಿನಿಂದ ಚಿಗಟ ಹೊರಗೆ ಬರ್ತದೆ, ಬಂದದ್ದು ಒಳಗೆ ಸೇರ್ತದೆ. ಕಸ ತುಂಬಿದ ಚೀಲವನ್ನು ಮಾತ್ರ ಮೂಲೆಯಲ್ಲಿ ಇಡ್ಬೇಡಿ, ಅದರಿಂದಲೇ ಪುನಃ ಹೊರಗೆ ಬರ್ತದೆ. ವ್ಯಾಕ್ಯೂಮ್ ಇಲ್ಲದಿದ್ದರೆ ಹಿಡಿಸೂಡಿ ಸಾಕು, ಆದರೆ ನಡು ಕೋಣೆ ಗುಡಿಸಿ ಬಿಟ್ಟರೆ ಆಗುವುದಿಲ್ಲ. ಗೋಡೆಯ ಬುಡ, ರೆಡ್ ಆಕ್ಸೈಡ್ ನೆಲ ಬಿರಿದ ಗೆರೆ, ಮಂಚದ ಅಡಿ, ಸೋಫಾದ ಕುಶನಿನ ಸಂದಿ, ಸುತ್ತಿಟ್ಟ ಚಾಪೆ, ಬಾಗಿಲ ದಾರಂದದ ಮೂಲೆ, ಅಲ್ಲೇ ಎಲ್ಲ ಇರುವುದು. ಬಿರುಕಿಗೆ ಹಳೆಯ ಹಲ್ಲುಜ್ಜುವ ಬ್ರಶ್ ಹಾಕಿ ಕೆರೆದು ತೆಗೀರಿ. ಗುಡಿಸಿದ್ದನ್ನು ತೆಂಗಿನ ಬುಡಕ್ಕೆ ಎಸೀಬೇಡಿ, ನೇರ ಬಚ್ಚಲ ಒಲೆಗೆ ಹಾಕಿ. ಮೊದಲ ಎರಡು ವಾರ ದಿನಾ, ಆಮೇಲೆ ಎರಡು ದಿನಕ್ಕೊಮ್ಮೆ.

ನಾಯಿ, ಬೆಕ್ಕು ಮಲಗುವ ಗೋಣಿಚೀಲ ಸುಟ್ಟು ಬಿಡಿ, ಅದಕ್ಕೆ ಆಸೆ ಮಾಡುವುದು ಬೇಡ. ಬಟ್ಟೆ, ಹೊದಿಕೆ, ದಿಂಬಿನ ಕವರು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ನೀರು 60 ಡಿಗ್ರಿ ಇರ್ಬೇಕು. ಹಂಡೆಯಲ್ಲಿ ಕುದಿದ ನೀರಿಗೆ ಸಮಕ್ಕೆ ಸಮ ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಅಷ್ಟು ಬರ್ತದೆ. ಬಟ್ಟೆ ಹಾಕಿದಾಗ ಸ್ವಲ್ಪ ಇಳಿಯುವುದರಿಂದ ತಣ್ಣೀರು ಒಂದು ಚೂರು ಕಡಿಮೆ ಇಟ್ಟುಕೊಳ್ಳಿ. ಹೊದಿಕೆಯನ್ನು ಬಚ್ಚಲಿಗೆ ಕೊಂಡುಹೋಗುವಾಗ ಕೊಡವಬೇಡಿ, ನಾಲ್ಕೂ ಮೂಲೆ ಒಳಗೆ ಮಡಚಿ ಎತ್ತಿ. ಇಲ್ಲದಿದ್ದರೆ ದಾರಿಯುದ್ದಕ್ಕೂ ಮೊಟ್ಟೆ ಬಿತ್ತಿದ ಹಾಗೆ.

ಉಪ್ಪಿನ ಪುಡಿ ಚೆಲ್ಲುವುದು ಅಂತ ಮೊಬೈಲಿನಲ್ಲಿ ಬರ್ತದೆ. ಒಣ ಹವೆಯ ಊರಿನವರು ಏನು ಬೇಕಾದರೂ ಹೇಳಲಿ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಉಪ್ಪು ಒಂದೇ ರಾತ್ರಿಗೆ ನೀರಾಗ್ತದೆ. ಗಾಳಿಯ ತೇವ 50 ಶೇಕಡಾಕ್ಕಿಂತ ಕೆಳಗೆ ಹೋದರೆ ಚಿಗಟದ ಹುಳು ಒಣಗಿ ಸಾಯ್ತದೆ, ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅಷ್ಟು ಕೆಳಗೆ ಹೋಗುವುದೇ ಇಲ್ಲ. ಅದಕ್ಕೇ ಈ ತಿಂಗಳಲ್ಲಿ ಇಷ್ಟು ಉಪದ್ರ. ಮಳೆ ಬಿಟ್ಟು ಬಿಸಿಲು ಕಂಡ ಹೊತ್ತಿಗೆ ಚಾಪೆ, ಹಾಸಿಗೆ ಹೊರಗೆ ಹಾಕಿ, ಕಿಟಕಿ ತೆಗೆದು ಫ್ಯಾನ್ ತಿರುಗಿಸಿ.

ಹೊರಗೆ ಬಿಸಿಲು ಬೀಳುವ ಅಂಗಳದಲ್ಲಿ ಚಿಗಟ ಬದುಕುವುದಿಲ್ಲ, ಅಲ್ಲಿ ಮದ್ದು ಸುರಿದು ಹಾಳು ಮಾಡ್ಬೇಡಿ. ನೆರಳು ನೋಡಿ. ಕಟ್ಟಿಗೆ ಒಟ್ಟಿದ ಜಾಗ, ತೆಂಗಿನ ಸಿಪ್ಪೆಯ ರಾಶಿ, ನಾಯಿಗೂಡಿನ ಒಳಗೆ. ಅಲ್ಲಿನ ತರಗೆಲೆ, ಧೂಳು ಎಳೆದು ತೆಗೆದು ಸುಡಿ. ಕಟ್ಟಿಗೆ ರಾಶಿಯಲ್ಲಿ ಹೆಗ್ಗಣ, ಇಲಿ ಇದ್ದರೆ ಅದರ ಮೈಯಲ್ಲೂ ಚಿಗಟ ಬರ್ತದೆ. ಹಟ್ಟಿಯಲ್ಲಿ ಕರು, ಆಡು ಉಂಟಾದರೆ ಅದರ ಮೈಯನ್ನೂ ಒಮ್ಮೆ ನೋಡಿ. ಹಾಲು ಕರೆಯುವ ದನಕ್ಕೆ ಮಾತ್ರ ಪಶುವೈದ್ಯರನ್ನು ಕೇಳದೆ ಏನೂ ಹಾಕ್ಬೇಡಿ, ಹಾಲಿಗೆ ಬರ್ತದೆ.

ಇಷ್ಟು ಮಾಡಿಯೂ ಜಾಸ್ತಿ ಇದ್ದರೆ ಪೆಸ್ಟ್ ಕಂಟ್ರೋಲಿನವರನ್ನು ಕರೆಸಿ, ಆದರೆ ಗುಡಿಸಿದ ಮೇಲೆಯೇ ಹೊಡೆಸಿ. ಪೈರಿಪ್ರಾಕ್ಸಿಫೆನ್ ಸೇರಿಸ್ತೀರಾ ಅಂತ ಕೇಳಿ, ಅದು ಹುಳು ಚಿಗಟವಾಗಿ ಬೆಳೆಯುವುದನ್ನೇ ತಡೀತದೆ. ನೆಲ ಪೂರ್ತಿ ಒಣಗುವವರೆಗೆ ಬೆಕ್ಕು, ಮರಿ ಒಳಗೆ ಬರ್ಬಾರದು. ಮೀನಿನ ಟ್ಯಾಂಕ್ ಇದ್ದರೆ ಏರ್ ಪಂಪ್ ನಿಲ್ಲಿಸಿ ಮುಚ್ಚಿಡಿ. ಬಾವಿಕಟ್ಟೆಯ ಹತ್ತಿರ ಹೊಡೆಸಬೇಡಿ, ಹೊಡೆದ ನೆಲ ತೊಳೆದ ನೀರು ಬಾವಿಯ ಕಡೆಗೆ ಹರಿಯಬಾರದು. ದೊಡ್ಡಪ್ಪನ ಜೇನುಪೆಟ್ಟಿಗೆ ಹಿತ್ತಲಲ್ಲಿ ಉಂಟಲ್ಲ, ಆ ಬದಿಗೆ ಸ್ಪ್ರೇ ಬೇಡವೇ ಬೇಡ, ಈ ಮದ್ದುಗಳಿಗೆಲ್ಲ ಜೇನು ಸಾಯ್ತದೆ.

ಒಂದು ಸಂಗತಿ ಈಗಲೇ ಹೇಳಿಡ್ತೇನೆ. ಎರಡು, ಮೂರು ವಾರ ಆಗುವಾಗ ಪುನಃ ಚಿಗಟ ಕಾಣ್ತದೆ. ಎಲ್ಲರೂ ಕೈಬಿಡುವುದು ಆಗಲೇ, ಮದ್ದು ನಕಲಿ ಅಂತ ಬೈದು ಬೇರೆ ತರ್ತಾರೆ. ಅದು ಹಳೆಯ ಗೂಡಿನದ್ದು ಹೊರಗೆ ಬಂದದ್ದು. ಪ್ರಾಣಿಯ ಮೈಮೇಲೆ ಮದ್ದು ಇದ್ದರೆ ಅದಕ್ಕೆ ಹತ್ತಿದ್ದು ಒಂದೆರಡು ದಿನದೊಳಗೆ ಸಾಯ್ತದೆ, ಮೊಟ್ಟೆ ಇಡುವಷ್ಟು ಸಮಯ ಸಿಗುವುದಿಲ್ಲ. ಹಾಗಾಗಿ ಮದ್ದು ಹಾಕಿದ ನಾಯಿ, ಬೆಕ್ಕನ್ನು ಓಡಿಸದೆ ಮಾಮೂಲಿನ ಜಾಗದಲ್ಲೇ ಮಲಗಲು ಬಿಡಿ, ಗೂಡಿನಿಂದ ಬಂದದ್ದು ಅದರ ಮೇಲೆ ಹತ್ತಿ ಸಾಯಲಿ. ಮದ್ದು ಕಡಿಮೆ ಅಂದರೆ ಮೂರು ತಿಂಗಳು ತಪ್ಪದೆ ಮುಂದುವರಿಸಿ. ಕಡಿಮೆ ಆಗ್ತಾ ಉಂಟಾ ಅಂತ ನೋಡ್ಲಿಕ್ಕೆ ವಾರಕ್ಕೊಮ್ಮೆ ಮೊಣಕಾಲಿನವರೆಗೆ ಬಿಳಿ ಸಾಕ್ಸ್ ಹಾಕಿ ಕೋಣೆ ಕೋಣೆಯಲ್ಲಿ ನಡೆಯಿರಿ, ಹತ್ತಿದ್ದು ಕಪ್ಪಗೆ ಕಾಣ್ತದೆ. ಯಾವ ಕೋಣೆಯಲ್ಲಿ ಜಾಸ್ತಿಯೋ ಅಲ್ಲಿ ಇನ್ನೊಮ್ಮೆ ಕೆರೆದು ಗುಡಿಸಿ.

ನಾಯಿ, ಬೆಕ್ಕಿನ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ತುಂಡು ಕಂಡರೆ ಅದು ಲಾಡಿಹುಳ, ಚಿಗಟ ನುಂಗಿದ್ದರಿಂದ ಬರುವುದು. ಪ್ರಾಜಿಕ್ವಾಂಟೆಲ್ ಮಾತ್ರೆಗೆ ಹೋಗ್ತದೆ, ಆದರೆ ಚಿಗಟ ಇರುವವರೆಗೆ ಮರುಕಳಿಸ್ತದೆ. ನೆಲದಲ್ಲಿ ಆಡುವ ಪುಟ್ಟು ಮಗು ಚಿಗಟ ಬಾಯಿಗೆ ಹಾಕಿಕೊಂಡರೆ ಅದಕ್ಕೂ ಬರಬಹುದು, ಸದ್ಯಕ್ಕೆ ಅವನನ್ನು ಜಗಲಿಯಲ್ಲಿ ಬಿಡ್ಬೇಡಿ. ನಿಮ್ಮ ಕಾಲಿನ ಗಂಟಿನ ಹತ್ತಿರದ ಗುಳ್ಳೆಗೆ ಸೋಪು ನೀರಿನಲ್ಲಿ ತೊಳೆದು ಕ್ಯಾಲಮೈನ್ ಹಚ್ಚಿ, ತುರಿಸಿ ಹುಣ್ಣು ಮಾಡಿಕೊಳ್ಳಬೇಡಿ, ನಿಮಗೆ ಶುಗರ್ ಬೇರೆ ಉಂಟು. ಜ್ವರ ಬಂದರೆ ಡಾಕ್ಟರಿಗೆ ಚಿಗಟ ಕಚ್ಚಿದ್ದನ್ನೂ ಹೇಳಿ.

ಈಗ ಒಂದು ಕೆಲಸ ಮಾಡಿ. ಭಾವ ನಾಯಿಯನ್ನು ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಲ್ಲಲಿ, ಆಮೇಲೆ ಅವರೊಬ್ಬರೇ ನಿಲ್ಲಲಿ, ಕಳೆದದ್ದು ನಾಯಿಯ ತೂಕ. ಅದನ್ನೂ ಮರಿಗಳು ಹುಟ್ಟಿ ಎಷ್ಟು ವಾರ ಆಯಿತು ಅಂತಲೂ ಇಲ್ಲಿ ಹಾಕಿ, ವೈದ್ಯರ ಹತ್ತಿರ ಹೋಗುವ ಮೊದಲು ಏನೇನು ಕೇಳ್ಬೇಕು ಅಂತ ಬರೆದು ಕಳಿಸ್ತೇನೆ.