ದೊಡ್ಡ ಏಡಿ ಪೆಲೆಟ್ಟೂ ಮುಟ್ತಿಲ್ಲ, ಮನೇಲಿ ಮಾಡಿದ್ದೂ ಮುಟ್ತಿಲ್ಲ, ಏನ್ ಹಾಕ್ಲಿ?

ಮಣಿಚಿಪ್ಪು:
ತಲೆ ಕೆಟ್ಟೋಗಿದೆ. ನನ್ನ ದೊಡ್ಡ ಹರ್ಮಿಟ್ ಕ್ರ್ಯಾಬ್ (ಖಾಲಿ ಶಂಖದೊಳಗೆ ಇರೋ ಏಡಿ) ಹತ್ತು ದಿನದಿಂದ ಏನೂ ತಿಂತಿಲ್ಲ. ಮೊದ್ಲು ಡಬ್ಬೀಲಿ ಬರೋ ರೆಡಿಮೇಡ್ ತಿಂಡಿ, ಪೆಲೆಟ್ ಹಾಕ್ತಿದ್ದೆ, ಅದನ್ನ ಬಿಟ್ಬಿಡ್ತು ಅಂತ ಬೇಯಿಸಿದ ಮೊಟ್ಟೆ, ಕ್ಯಾರೆಟ್ ತುರಿ, ಒಣ ಸೀಗಡಿ ಪುಡಿ ಕಲಸಿ ಇಟ್ಟೆ, ಉಪ್ಪಿಲ್ಲ ಎಣ್ಣೆ ಇಲ್ಲ, ಬೆಳಿಗ್ಗೆ ನೋಡಿದ್ರೆ ಇಟ್ಟಿದ್ದು ಇಟ್ಟ ಹಾಗೇ, ಚಿಕ್ಕದು ಮಾತ್ರ ಒಂಚೂರು ಕೆದಕಿರತ್ತೆ. ಡಬ್ಬಿದು ಒಳ್ಳೇದಾ ಮನೇದಾ, ಅಷ್ಟು ಹೇಳಿ ಸಾಕು.

ಕಡಲಬದಿ:
ಡಬ್ಬಿ ಹಿಂದೆ ಓದಿ. ಕಾಪರ್ ಸಲ್ಫೇಟ್ ಅಂದ್ರೆ ತಾಮ್ರದ ಲವಣ, ಇಥಾಕ್ಸಿಕ್ವಿನ್ ಅಂದ್ರೆ ಕೆಡದಂತೆ ಹಾಕೋ ಕೆಮಿಕಲ್, ಎರಡರಲ್ಲಿ ಯಾವುದಿದ್ರೂ ಬಿಸಾಕಿ. ಲೇಬಲ್ ಫೋಟೋ ಹಾಕಿ.

ಹತ್ತುಕಾಲು:
ಮತ್ತೆ ಶುರುವಾಯ್ತು ತಾಮ್ರ. ಏಡಿ ರಕ್ತದಲ್ಲೇ ತಾಮ್ರ ಇದೆ ರೀ, ಹೀಮೋಸಯಾನಿನ್, ಆಕ್ಸಿಜನ್ ಹೊರೋದೇ ಅದು. ಪೆಲೆಟ್ ಮೇಲೆ ನನ್ನ ತಕರಾರು ಬೇರೆ, ದಿನಾ ಅದೇ ಹಾಕಿದ್ರೆ ಅವು ಮುಖ ತಿರುಗಿಸ್ತವೆ. ಕೊಯೆನೋಬಿಟಾ ಕಂಪ್ರೆಸಸ್ ಅನ್ನೋ ಹರ್ಮಿಟ್ ಕ್ರ್ಯಾಬ್ ಜಾತಿ ಮೇಲೆ 1996ರಲ್ಲಿ ಬಂದ ಸ್ಟಡೀಲೂ ಇದೇ, ಈಗಷ್ಟೇ ತಿಂದಿದ್ದನ್ನ ಬಿಟ್ಟು ಬೇರೆ ತಿಂಡಿ ಕಡೆ ಹೋಗ್ತವೆ.

ಕಡಲಬದಿ:
ರಕ್ತದಲ್ಲಿರೋದು ಬೇರೆ, ಸಲ್ಫೇಟ್ ಮಾಡಿ ತಿನ್ಸೋದು ಬೇರೆ. ನಾನು ಪೆಲೆಟ್ ಬಿಟ್ಮೇಲೇ ನನ್ನವು ಚುರುಕಾಗಿದ್ದು. ಫೋಟೋ ಹಾಕಿ ಮೊದ್ಲು.

ಹತ್ತುಕಾಲು:
ಪೆಲೆಟ್ ಬಿಟ್ಟಾಗ್ಲೇ ಹೊಸ ಟ್ಯಾಂಕೂ ತಗೊಂಡ್ರಿ, ನೀವೇ ಬರ್ದಿದ್ರಿ.

ತೇವಮರಳು:
ಇಬ್ರೂ ಸ್ವಲ್ಪ ತಡೀರಿ. ಮಣಿಚಿಪ್ಪು, ಏಡಿ ನೀರಿನ ಬಟ್ಟಲಲ್ಲೇ ಕೂತಿರತ್ತಾ? ಕಣ್ಣು ಮಂಕಾಗಿದ್ಯಾ? ಮೂಲೆ ಕೆರೀತಾ ಇದ್ಯಾ? ಮರಳು ಎಷ್ಟು ಆಳ, ಹ್ಯುಮಿಡಿಟಿ, ಅಂದ್ರೆ ಗಾಳೀಲಿ ತೇವ, ಎಷ್ಟು?

ಮಣಿಚಿಪ್ಪು:
ಹೂಂ, ಮೂರೂ ಇದೆ. ಊಟದ ಪ್ರಶ್ನೆ ಅಂತ ಬರೀಲಿಲ್ಲ. ಮರಳು ಎರಡು ಇಂಚು. ಮೀಟರ್ ಇಲ್ಲ, ಮೇಲೆ ಜಾಲರಿ ಮುಚ್ಚಳ.

ತೇವಮರಳು:
ಹಾಗಾದ್ರೆ ಊಟದ್ದಲ್ಲ, ಪೊರೆ ಬಿಡೋ ಟೈಮ್ ಬಂದಿದೆ. ಅದಕ್ಕೆ ಮರಳೊಳಗೆ ಹೋಗ್ಬೇಕು, ನಿಮ್ಮಲ್ಲಿ ಹೋಗೋಕೆ ಜಾಗನೇ ಇಲ್ಲ. ಕಮ್ಮಿ ಅಂದ್ರೂ ಆರು ಇಂಚು ಹಾಕಿ, ದೊಡ್ಡ ಏಡಿ ಎತ್ತರದ ಮೂರು ಪಟ್ಟು. ಐದು ಪಾಲು ಮರಳಿಗೆ ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮುಷ್ಟಿ ಕಟ್ಟಿದ್ರೆ ಉಂಡೆ ನಿಲ್ಲೋ ಹದಕ್ಕೆ ತೇವ, ಕ್ಲೋರಿನ್ ತೆಗೆದ ನೀರಲ್ಲಿ. ಜಾಲರಿ ಮೇಲೆ ಗಾಜು ಇಲ್ಲಾ ಪ್ಲಾಸ್ಟಿಕ್ ಮುಚ್ಚಿ, ಹ್ಯುಮಿಡಿಟಿ 80% ಹತ್ರ ಇರ್ಲಿ, ಅವು ಉಸಿರಾಡೋದು ಕಿವಿರಲ್ಲಿ, ಒಣ ಗಾಳೀಲಿ ಮೆಲ್ಲಗೆ ಉಸಿರುಕಟ್ಟಿ ಸಾಯ್ತವೆ. ಬಿಟ್ಟ ಪೊರೇನ ಅದೇ ತಿನ್ನತ್ತೆ, ಕ್ಯಾಲ್ಸಿಯಂ ಅಲ್ಲೇ ಇರೋದು, ತೆಗೀಬೇಡಿ. ಇನ್ನು ಊಟ ಅಂದ್ರೆ ಮನೇದೇ, ಆದ್ರೆ ಮಾರನೇ ದಿನ ಉಳಿದಿದ್ದು ಎತ್ತಿಬಿಡಿ, ಮೊಟ್ಟೆ ಕೊಳೆತ್ರೆ ಹುಳ ಬೀಳತ್ತೆ.

ಶಂಖರಾಶಿ:
ನಂದು ಇನ್ನೂರು ಲೀಟರ್ ಟ್ಯಾಂಕ್, ಹತ್ತು ಇಂಚು ಮರಳು, ಸಿಹಿನೀರು ಉಪ್ಪುನೀರು ಎರಡೂ ಕೊಳ, ನಲವತ್ತು ಖಾಲಿ ಶಂಖ ಇಟ್ಟಿದ್ದೀನಿ. ಕ್ಯಾಲ್ಸಿಯಂಗೆ ಕಟಲ್‌ಬೋನ್ (ಕಟಲ್‌ಫಿಶ್ ಅನ್ನೋ ಕಡಲಜೀವಿಯ ಒಳಚಿಪ್ಪು) ಯಾವಾಗ್ಲೂ ಇರತ್ತೆ.

ಕಡಲಬದಿ:
ಕಟಲ್‌ಬೋನ್ ಯಾಕೆ, ಮೊಟ್ಟೆ ಚಿಪ್ಪು ಕುದಿಸಿ ಪುಡಿ ಮಾಡಿದ್ರೆ ಸಾಕು.

ಶಂಖರಾಶಿ:
ನನ್ನವು ಮೊಟ್ಟೆ ಚಿಪ್ಪು ಮುಟ್ಟಲ್ಲ.

ಮಣಿಚಿಪ್ಪು:
ನಿನ್ನೆ ಮರಳು ಹಾಕ್ದೆ. ರಾತ್ರಿ ಹನ್ನೊಂದಕ್ಕೆ ಅಗೆಯೋಕೆ ಶುರು ಮಾಡ್ತು, ಬೆಳಿಗ್ಗೆ ಕಾಣ್ತಿಲ್ಲ. ಹಸಿದ ಹೊಟ್ಟೇಲೇ ಹೋಯ್ತಲ್ಲ ಅಂತ ಸಂಕಟ ಆಗ್ತಿದೆ. ಯಾವಾಗ ಬರತ್ತೆ?

ತೇವಮರಳು:
ದೊಡ್ಡದಾದ್ರೆ ಎರಡು ತಿಂಗಳಾದ್ರೂ ಆಗ್ಬಹುದು. ಒಳಗೆ ಹೋಗೋ ಮುಂಚೆ ಬೇಕಾದ್ದನ್ನ ಮೈಯಲ್ಲಿ ಕೂಡಿಟ್ಕೊಂಡಿರತ್ತೆ. ಏನೇ ಆದ್ರೂ ಅಗೀಬೇಡಿ.

ಕಡಲಬದಿ:
ಚಿಕ್ಕದಕ್ಕೆ ಈಗ ಏನ್ ಹಾಕ್ತಿದ್ದೀರಾ? ಲೇಬಲ್ ಫೋಟೋ ಇನ್ನೂ ಬಂದಿಲ್ಲ.