ಕ್ಲಿಂಗಾನ್‌ನ ‘ಟಿ’: ಕನ್ನಡದಲ್ಲಿ ತ ಬರೀಬೇಕಾ, ಟ ಬರೀಬೇಕಾ?

ಎಲ್ಲರಿಗೂ ನಮಸ್ಕಾರ. ಸ್ಟಾರ್ ಟ್ರೆಕ್ ಸಿನಿಮಾಗಳಲ್ಲಿ ಬರೋ ಕ್ಲಿಂಗಾನ್ ಅನ್ನೋ ಅನ್ಯಗ್ರಹದವರು ಮಾತಾಡಲಿ ಅಂತ ಮಾರ್ಕ್ ಓಕ್ರಾಂಡ್ ಕಟ್ಟಿದ ಕ್ಲಿಂಗಾನ್ ಭಾಷೆ ಇದೆಯಲ್ಲ, ಅದರ ಉಚ್ಚಾರಣೆ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೀತಾ ಇದೀನಿ, ಎರಡು ಅಕ್ಷರದ ಹತ್ರ ಬಂದು ಕೈ ನಿಂತುಬಿಟ್ಟಿದೆ, ಬಲ್ಲವರು ದಾರಿ ತೋರಿಸ್ಬೇಕು.

1985ರಲ್ಲಿ ಬಂದ ಅವರ ಡಿಕ್ಷನರಿ ಪ್ರಕಾರ ವ್ಯಂಜನ 21, ಸ್ವರ 5. ಬಿಡಿಬಿಡಿಯಾಗಿ ನೋಡಿದ್ರೆ ಈ ಧ್ವನಿಗಳೆಲ್ಲಾ ಭೂಮಿ ಮೇಲಿನ ಯಾವುದಾದ್ರೂ ಭಾಷೆಯಲ್ಲಿ ಸಿಗುತ್ತೆ, ಜೋಡಿಸಿರೋ ರೀತಿ ಮಾತ್ರ ಬೇಕಂತಲೇ ವಿಚಿತ್ರ. ಓಕ್ರಾಂಡ್ ಭಾಷಾವಿಜ್ಞಾನಿ, ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮುತ್ಸುನ್ ಭಾಷೆ ಮೇಲೆ ಪಿಎಚ್‌ಡಿ ಮಾಡಿದವರು, ಅಂದ್ಮೇಲೆ ಮನುಷ್ಯರ ಭಾಷೇಲಿ ಯಾವುದರ ಜೊತೆ ಯಾವುದು ಬರುತ್ತೆ ಅಂತ ಗೊತ್ತಿದ್ದೇ ಅದನ್ನ ಮುರಿದಿದಾರೆ.

ನಮ್ಮ ವರ್ಣಮಾಲೆ ಇಟ್ಕೊಂಡು ನೋಡಿದ್ರೆ ಇದು ಥಟ್ ಅಂತ ಕಾಣುತ್ತೆ. ನಮ್ಮಲ್ಲಿ ಟ ಇದ್ರೆ ಡ ಇರುತ್ತೆ, ತ ಇದ್ರೆ ದ ಇರುತ್ತೆ. ಕ್ಲಿಂಗಾನ್‌ನಲ್ಲಿ ನಾಲಿಗೆ ಮಡಿಸಿ ಹೇಳೋ ಮೂರ್ಧನ್ಯ ಡ ಇದೆ, ಅದರ ಜೋಡಿ ಟ ಇಲ್ಲ. ಇಂಗ್ಲಿಷಿನ ‘ಟಿ’ ಥರ ಹಲ್ಲಿನ ಹಿಂದಿನ ವಸಡಿಗೆ ನಾಲಿಗೆ ತಾಗಿಸಿ ಹೇಳೋ ಒಂದು ಧ್ವನಿ ಇದೆ, ಅದಕ್ಕೆ ಜೋಡಿಯಾಗಿ ಇಂಗ್ಲಿಷಿನ ‘ಡಿ’ ಇಲ್ಲ. ಇನ್ನು ಕ, ಗ ಎರಡೂ ಇಲ್ಲವೇ ಇಲ್ಲ, ಅದರ ಬದಲು ಕಿರುನಾಲಿಗೆ ಹತ್ರ ಹುಟ್ಟೋ ಬೇರೆ ಧ್ವನಿಗಳು.

ಈಗ ನನ್ನ ತೊಂದರೆ. ಇಂಗ್ಲಿಷ್ ‘ಟಿ’ ಬಂದ್ರೆ ಟೇಬಲ್, ಟಿಕೆಟ್ ಅಂತ ಟ ಬರೆಯೋದು ನಮಗೆ ರೂಢಿ. ಆ ಲೆಕ್ಕದಲ್ಲಿ ಚಾಕು ಅನ್ನೋದಕ್ಕಿರೋ ಕ್ಲಿಂಗಾನ್ ಪದ ‘ಟಾಜ್’ ಆಗುತ್ತೆ, ಸ್ವಾರಸ್ಯವಾಗಿರು ಅನ್ನೋ ಅರ್ಥದ ಕ್ರಿಯಾಪದ ‘ಡಾಜ್’. ಓದೋರಿಗೆ ಇವೆರಡೂ ಒಂದೇ ಜಾಗದಲ್ಲಿ ಹುಟ್ಟೋ ಅಚ್ಚುಕಟ್ಟಾದ ಜೋಡಿ ಅನ್ಸುತ್ತೆ, ಓಕ್ರಾಂಡ್ ಕಷ್ಟಪಟ್ಟು ಕೆಡಿಸಿದ್ದನ್ನ ನಾವೇ ಸರಿಮಾಡಿಟ್ಟ ಹಾಗೆ. ‘ತಾಜ್’ ಅಂತ ಬರೆದ್ರೆ ವ್ಯತ್ಯಾಸವೇನೋ ಉಳಿಯುತ್ತೆ, ಆದ್ರೆ ಓದೋರ ನಾಲಿಗೆ ಸೀದಾ ಹಲ್ಲಿಗೆ ಹೋಗುತ್ತೆ, ಅದೂ ಪೂರ್ತಿ ಸರಿಯಲ್ಲ. ನನ್ನ ಒಲವು ತ ಕಡೆಗೇ. ಕ್ಲಿಂಗಾನ್‌ನಲ್ಲೇ ಆ ಭಾಷೆಗಿರೋ ಹೆಸರನ್ನೂ (ರೋಮನ್‌ನಲ್ಲಿ tlhIngan) ಹಾಗೇ ‘ತ್ಲಿಙನ್’ ಅಂತ ಬರೆಯೋಣ ಅಂತಿದೀನಿ. ಅಲ್ಲಿ ಗ ಇಲ್ದೆ ಬರೀ ಅನುನಾಸಿಕ ಇರೋದು, ಅದಕ್ಕೆ ನಮ್ಮ ಙ ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ!

ಎರಡನೇದು, ರೋಮನ್‌ನಲ್ಲಿ ದೊಡ್ಡ ‘ಎಚ್’ ಬಳಸಿ ಬರೆಯೋ ಧ್ವನಿ. ಅದು ನಮ್ಮ ಹ ಅಲ್ಲ, ಗಂಟಲಲ್ಲಿ ಉಜ್ಜಿಕೊಂಡು ಬರುತ್ತೆ. ‘ಈಗ’ ಅನ್ನೋದಕ್ಕಿರೋ ಪದದ ಕೊನೇಲಿ ಇದಿದೆ, ‘ಡಾಹ್’ ಅಂದ್ರೆ ತೀರಾ ಮೆತ್ತಗಾಗುತ್ತೆ. ಹಳೇ ಬರಹದಲ್ಲಿ ಅಂತಃಕರಣದಂಥ ಕಡೆ, ಕ ಖ ಮುಂದಿದ್ದಾಗ ವಿಸರ್ಗದ ಬದಲು ಬರ್ತಿದ್ದ ಜಿಹ್ವಾಮೂಲೀಯ ೱ ಹೆಚ್ಚುಕಮ್ಮಿ ಇದೇ ಧ್ವನಿ. ಕೇಶಿರಾಜ ಅದನ್ನ ಅಚ್ಚಗನ್ನಡದ 47 ಅಕ್ಷರದಿಂದ ಹೊರಗಿಟ್ಟ, ಆದ್ರೂ ಯುನಿಕೋಡ್‌ನಲ್ಲಿ ಇವತ್ತಿಗೂ ಇದೆ. ಪದದ ಕೊನೇಲಿ ಅದನ್ನ ಬಳಸಿದ್ರೆ ವ್ಯಾಕರಣ ಬಲ್ಲವರಿಗೆ ಕಿರಿಕಿರಿ ಆಗುತ್ತಾ? ಅಥವಾ ಫ಼, ಜ಼ ಥರ ಹ ಕೆಳಗೆ ಚುಕ್ಕಿ ಇಟ್ಟರೆ ಸಾಕಾ?

ತ/ಟ ವಿಷಯದಲ್ಲಂತೂ ದಯವಿಟ್ಟು ಕಾರಣ ಸಮೇತ ಹೇಳಿ.